ಕವರ್ ಹಾಡಿನ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್: ಮೈಕ್ ಆನ್ ಮಾಡುವ ಮೊದಲು ಮುಗಿಯಬೇಕಾದ ಕೆಲಸ

ಬೇರೆಯವರ ಹಾಡನ್ನು ನಾವು ಹೊಸದಾಗಿ ಹಾಡಿ ನುಡಿಸಿದರೆ ಅದು ಕವರ್; ಗಾಯನವನ್ನೂ ಪ್ರತಿ ವಾದ್ಯವನ್ನೂ ಬೇರೆಬೇರೆ ರೆಕಾರ್ಡ್ ಮಾಡಿ ಕೂಡಿಸುವುದು ಮಲ್ಟಿಟ್ರ್ಯಾಕ್. ಶಿರಸಿ, ಕುಮಟಾ, ಕಾರವಾರದ ಕಡೆಯ ಹವ್ಯಾಸಿ ತಂಡಗಳ ಕವರ್ ಹಾಡುಗಳು ಕೆಡುವ ಜಾಗ ಹೆಚ್ಚುಕಮ್ಮಿ ಒಂದೇ. ಗಾಯನ ಮೊದಲು ಆಗಿರುತ್ತದೆ, ಅದೂ ಯೂಟ್ಯೂಬಿನ ಕರಾಓಕೆ ಕೇಳುತ್ತ. ತಬಲಾ ಆಮೇಲೆ. ಹಾರ್ಮೋನಿಯಂ ಬೇರೆ ಊರಲ್ಲಿ, ಕೊಳಲು ಮೊಬೈಲಿನಲ್ಲಿ. ಎಲ್ಲರೂ ಚೆನ್ನಾಗಿಯೇ ನುಡಿಸಿರುತ್ತಾರೆ, ಒಟ್ಟಿಗಿಟ್ಟರೆ ಮಾತ್ರ ಶ್ರುತಿಯೂ ಕೂಡುವುದಿಲ್ಲ, ಲಯವೂ ಕೂಡುವುದಿಲ್ಲ. ಆಗ ತಂಡದವರು ಮೈಕ್ ಬದಲಿಸುವ ಮಾತಾಡುತ್ತಾರೆ. ಮೈಕಿನದ್ದು ತಪ್ಪಿಲ್ಲ, ಕ್ರಮದ್ದು ತಪ್ಪು.

ಕೆಳಗಿನ ಹಂತಗಳು ಗಾಯನ, ತಬಲಾ, ಹಾರ್ಮೋನಿಯಂ, ಕೊಳಲು, ಗಿಟಾರ್, ಕೀಬೋರ್ಡ್, ಕೋರಸ್ ಇರುವ ನಾಲ್ಕೂವರೆ ನಿಮಿಷದ ಹಾಡಿಗೆ ಲೆಕ್ಕ ಹಾಕಿದವು. ಮನೆಯಲ್ಲೇ ಮಾಡಿದರೂ ಸರಿ, ಹುಬ್ಬಳ್ಳಿಗೋ ಗೋವೆಗೋ ಹೋಗಿ ಸ್ಟುಡಿಯೊ ಹಿಡಿದರೂ ಸರಿ, ಮೊದಲ ಆರು ಹಂತ ಊರಲ್ಲೇ ಮುಗಿಯಬೇಕು.

ಬೇಕಾಗುವ ಸಾಮಾನು

ಲ್ಯಾಪ್‌ಟಾಪ್, ಕನಿಷ್ಠ ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಒಂದು ಡೈನಾಮಿಕ್ ಮೈಕ್ (ಶೂರ್ ಎಸ್‌ಎಂ58 ಬಗೆಯದ್ದು ಸಾಕು), ಎರಡು ಗಟ್ಟಿ ಸ್ಟ್ಯಾಂಡ್, ಪಾಪ್ ಫಿಲ್ಟರ್, ಎರಡು ಎಕ್ಸ್‌ಎಲ್‌ಆರ್ ಕೇಬಲ್ ಮತ್ತು ಒಂದು ಹೆಚ್ಚುವರಿ, ಕಿವಿ ಪೂರ್ತಿ ಮುಚ್ಚುವ ವೈರ್ ಇರುವ ಹೆಡ್‌ಫೋನ್ ಎರಡು. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಅದರಲ್ಲಿ ಧ್ವನಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಕೇಳುತ್ತದೆ. ಹಾಡುವವರು ಅದಕ್ಕೆ ಸರಿಯಾಗಿ ಹಾಡಿದರೂ ಟ್ರ್ಯಾಕಿನಲ್ಲಿ ತಾಳ ತಪ್ಪಿದ್ದೇ ದಾಖಲಾಗುತ್ತದೆ.

ಸಾಫ್ಟ್‌ವೇರ್ ಯಾವುದಾದರೂ ಆದೀತು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇವುಗಳ ಜೊತೆ ಟ್ಯೂನರ್ ಆ್ಯಪ್, ತಂಬೂರ ಆ್ಯಪ್, ಮಾಸ್ಕಿಂಗ್ ಟೇಪು, ನಾಲ್ಕೈದು ದಪ್ಪ ಕಂಬಳಿ, ಒಂದು ನೋಟ್‌ಬುಕ್.

ಹಂತ 1: ಹಾಡು ಯಾರದ್ದು ಎಂದು ಬರೆದಿಡಿ

ಒಂದು ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ: ಸಾಹಿತ್ಯದ್ದು, ರಾಗಸಂಯೋಜನೆಯದ್ದು, ಧ್ವನಿಮುದ್ರಣದ್ದು. ಮೂರರ ಮಾಲೀಕರೂ ಬೇರೆಬೇರೆ ಇರಬಹುದು. ಭಾರತದಲ್ಲಿ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅಂಕೋಲೆಯ ದಿನಕರ ದೇಸಾಯಿಯವರು ತೀರಿಕೊಂಡಿದ್ದು 1982ರಲ್ಲಿ, ಹಾಗಾಗಿ ಅವರ ಪದ್ಯಗಳಿಗೆ 2042ರ ಕೊನೆಯವರೆಗೆ ಹಕ್ಕಿದೆ. ಬೇಂದ್ರೆಯವರದ್ದಕ್ಕೆ 2041ರ ಕೊನೆಯವರೆಗೆ. ದಾಸರ ಪದದ ಸಾಹಿತ್ಯ ಎಲ್ಲರದ್ದು, ಆದರೆ ನೀವು ಕೇಳಿ ಕಲಿತ ಧಾಟಿ ಇತ್ತೀಚಿನ ಸಂಯೋಜಕರದ್ದಾಗಿದ್ದರೆ ಅದಕ್ಕೆ ಪ್ರತ್ಯೇಕ ಹಕ್ಕುಂಟು.

ಕವರ್ ಆವೃತ್ತಿಗೆಂದೇ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 31ಸಿ ಕಲಂ ಸೇರಿದೆ. ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ಪ್ರತಿ ಹಾಡಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡ ಕಟ್ಟಬೇಕು. ಕ್ಯಾಸೆಟ್ಟು-ಸಿಡಿ ಕಂಪನಿಗೆ ಹೊಂದುವ ಲೆಕ್ಕ ಇದು, ನಾಲ್ಕು ಜನ ಸೇರಿ ಮಾಡುವ ಹಾಡಿಗಲ್ಲ. ನಮ್ಮಂಥ ತಂಡಗಳಿಗೆ ಹಕ್ಕುದಾರರಿಂದ ನೇರವಾಗಿ ಲಿಖಿತ ಅನುಮತಿ ತರುವುದೇ ಸುಲಭ. ವಿಡಿಯೊ ಮಾಡುವುದಿದ್ದರೆ ಅದನ್ನೂ ಅದೇ ಪತ್ರದಲ್ಲಿ ಕೇಳಿ.

ಇನ್ನೊಂದು ವಿಷಯ. ಮೂಲ ಹಾಡಿನಿಂದ ಎಐ ಮೂಲಕ ಬೇರ್ಪಡಿಸಿದ ಕೊಳಲೋ ಪಿಟೀಲೋ ನಿಮ್ಮ ಟ್ರ್ಯಾಕಿನಲ್ಲಿ ಸೇರಿದರೆ ಅದು ಕವರ್ ಅಲ್ಲ, ಮೂಲ ಧ್ವನಿಮುದ್ರಣವನ್ನೇ ನಕಲು ಮಾಡಿದಂತೆ. ಬೇರ್ಪಡಿಸಿ ಕೇಳಿ ಕಲಿಯಿರಿ, ನುಡಿಸುವುದು ನಿಮ್ಮವರೇ ಆಗಲಿ.

ಹಂತ 2: ಶ್ರುತಿ ನಿಗದಿ

ಅತಿ ಹೆಚ್ಚು ಹಾಡು ಕೆಡುವುದು ಇಲ್ಲಿ. ಮೂಲ ಹಾಡಿನ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಬಿಡಿ. ಶ್ರುತಿ ನಿಮ್ಮ ಗಾಯಕರ ಗಂಟಲಿನಿಂದ ಹೊರಡಬೇಕು.

ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದ್ದು ಯಾವುದು, ಯಾವ ಪದದ ಮೇಲೆ ಬರುತ್ತವೆ ಎಂದು ಗುರುತು ಮಾಡಿ. ಸಾಮಾನ್ಯವಾಗಿ ಕೆಳಗಿನದ್ದು ಪಲ್ಲವಿಯಲ್ಲಿ, ಮೇಲಿನದ್ದು ಚರಣದ ಮೂರನೇ ಸಾಲಿನಲ್ಲಿ ಸಿಗುತ್ತದೆ. ಗಾಯಕರು ಆ ಮೇಲಿನ ಸಾಲನ್ನು ಬಿಡುವಿಲ್ಲದೆ ಐದು ಸಲ ಹಾಡಲಿ. ಐದನೇ ಸಲವೂ ಸ್ವರ ಗಟ್ಟಿಯಾಗಿ ನಿಂತರೆ ಶ್ರುತಿ ಸರಿ. ಒಂದೇ ಸಲ ಚೆನ್ನಾಗಿ ಬಂತೆಂದು ಒಪ್ಪಿಕೊಳ್ಳಬೇಡಿ, ಸ್ಟುಡಿಯೊದಲ್ಲಿ ಆ ಸಾಲನ್ನು ಹದಿನೈದು ಸಲವಾದರೂ ಹಾಡಬೇಕಾಗುತ್ತದೆ. ಆಮೇಲೆ ಕೆಳಗಿನ ಸ್ವರ ನೋಡಿ. ಅದು ಬರೀ ಗಾಳಿಯಾಗಿ ಕೇಳಿದರೆ ಅರ್ಧ ಸ್ವರ ಏರಿಸಿ, ಮತ್ತೆ ಮೇಲಿನ ಸಾಲು ಪರೀಕ್ಷಿಸಿ.

ನಮ್ಮ ಕಡೆ ಗಂಡಸರಿಗೆ ಸಾಮಾನ್ಯವಾಗಿ ಬಿಳಿ 1, ಕಪ್ಪು 1, ಬಿಳಿ 2 (ಹಾರ್ಮೋನಿಯಮ್ಮಿನ ಬಿಳಿ-ಕಪ್ಪು ಮನೆಗಳ ಸಂಖ್ಯೆ) ಹೊಂದುತ್ತದೆ. ಹೆಂಗಸರಿಗೆ ಕಪ್ಪು 3ರಿಂದ ಕಪ್ಪು 5ರವರೆಗೆ. ಗಂಡುದನಿಯ ಕಪ್ಪು 1ರ ಹಾಡನ್ನು ಹೆಣ್ಣುದನಿಗೆ ತರುವಾಗ ಕಪ್ಪು 4ರಿಂದ ಪರೀಕ್ಷೆ ಶುರುಮಾಡಿ. ಯುಗಳ ಗೀತೆಯಲ್ಲಿ ಇಬ್ಬರಿಗೂ ಪೂರ್ತಿ ಹೊಂದುವ ಶ್ರುತಿ ಸಿಗುವುದು ಅಪರೂಪ. ಅಂಥಲ್ಲಿ ಎತ್ತರದ ಸಾಲು ಯಾರ ಪಾಲಿಗೆ ಬರುತ್ತದೆಯೋ ಅವರಿಗೆ ಅನುಕೂಲ ಮಾಡಿ.

ಶ್ರುತಿ ಗೊತ್ತಾದ ದಿನವೇ ವಾದ್ಯದವರಿಗೆ ತಿಳಿಸಿ. ಕೊಳಲಿನವರಿಗೆ ಅರ್ಧ ಸ್ವರ ಬದಲಾದರೂ ಬೇರೆ ಕೊಳಲು ಬೇಕು, ಅವರ ಹತ್ತಿರ ಅದು ಇಲ್ಲದಿದ್ದರೆ ತರಿಸಲು ವಾರ ಹಿಡಿಯುತ್ತದೆ. ತಬಲಾದವರೂ ಒಂದೇ ದಾಯಾವನ್ನು (ಬಲಗೈಯ ತಬಲಾ) ಬೇಕಾದಷ್ಟು ಏರಿಸುವ ಹಾಗಿಲ್ಲ, ತೀರಾ ಬಿಗಿದರೆ ಪುಡಿಯೇ (ಮೇಲಿನ ಚರ್ಮ) ಹರಿದೀತು. ಗಿಟಾರಿನವರಿಗೆ ಕೇಪೊ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಇದೆ, ಅವರ ಚಿಂತೆ ಇಲ್ಲ.

ಈಗ ಬಹಳಷ್ಟು ಜನ ಬಿಟ್ಟುಬಿಡುವ ಕೆಲಸ: ಹಾರ್ಮೋನಿಯಂ ಅಳೆಯುವುದು. ಟ್ಯೂನರ್ ಹಚ್ಚಿ ಮಧ್ಯ ಸಪ್ತಕದ ಬಿಳಿ 6 ಒತ್ತಿ, ಎಷ್ಟು ಹರ್ಟ್ಝ್ ತೋರಿಸುತ್ತದೆ ನೋಡಿ. ಪುಸ್ತಕದ ಲೆಕ್ಕ 440. ಹಳೆಯ ಪೆಟ್ಟಿಗೆಗಳು 437ಕ್ಕೂ ಇರುತ್ತವೆ, 443ಕ್ಕೂ ಇರುತ್ತವೆ. 443 ಎಂದರೆ ಸುಮಾರು 12 ಸೆಂಟ್ ಮೇಲೆ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಒಂದೇ ಕೇಳಿದರೆ ಗೊತ್ತಾಗದು, 440ರ ಕೀಬೋರ್ಡ್ ಜೊತೆಗಿಟ್ಟರೆ ಇಡೀ ಹಾಡು ನಡುಗುತ್ತದೆ. ಹಾರ್ಮೋನಿಯಮ್ಮಿನ ರೀಡನ್ನು ರೆಕಾರ್ಡಿಂಗ್ ದಿನ ತಿದ್ದಲು ಆಗುವುದಿಲ್ಲ, ಆದ್ದರಿಂದ ಉಳಿದವರೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಕೀಬೋರ್ಡಿನ ಮಾಸ್ಟರ್ ಟ್ಯೂನ್, ಗಿಟಾರ್ ಟ್ಯೂನರ್, ತಂಬೂರ ಆ್ಯಪ್ ಮೂರನ್ನೂ ಅಳತೆ ಮಾಡಿದ ಅಂಕಿಗೆ ಇಡಿ. ಆ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಗೆ ಬರೆಯಿರಿ.

ಹಂತ 3: ವೇಗ ಮತ್ತು ತಾಳ

ಹಳೆಯ ಹಾಡುಗಳನ್ನು ವಾದ್ಯವೃಂದ ಕ್ಲಿಕ್ (ವೇಗ ತೋರಿಸುವ ಟಿಕ್‌ಟಿಕ್ ಸದ್ದು) ಇಲ್ಲದೇ ನುಡಿಸಿದ್ದು. ಪಲ್ಲವಿಯಲ್ಲಿ 88 ಬಿಪಿಎಂ (ನಿಮಿಷಕ್ಕೆ ಬೀಳುವ ಪೆಟ್ಟು) ಇದ್ದದ್ದು ಎರಡನೇ ಚರಣಕ್ಕೆ 92 ಆಗಿರುವುದು ಸಾಮಾನ್ಯ. ಟ್ಯಾಪ್ ಟೆಂಪೊ ಆ್ಯಪಿನಲ್ಲಿ ಪಲ್ಲವಿ, ಮೊದಲ ಚರಣ, ಎರಡನೇ ಚರಣ ಮೂರನ್ನೂ ಬೇರೆಬೇರೆ ಅಳೆಯಿರಿ. ನಡುವಿನ ಅಂಕಿಯಿಂದ ಶುರುಮಾಡಿ, ಅದಕ್ಕಿಂತ 3 ಕಡಿಮೆ ಮತ್ತು 3 ಹೆಚ್ಚು ವೇಗದಲ್ಲೂ ಹಾಡಿಸಿ ನೋಡಿ. ಶ್ರುತಿ ಇಳಿಸಿದ ಹಾಡು ಅದೇ ವೇಗದಲ್ಲಿ ಎಳೆದಂತೆ ಅನ್ನಿಸುವುದುಂಟು, 2 ಬಿಪಿಎಂ ಏರಿಸಿದರೆ ಸರಿಹೋಗುತ್ತದೆ. ವೇಗ ಸರಿಯಿದೆಯೇ ಎಂದು ನಿರ್ಧರಿಸಲು ಪದ ದಟ್ಟವಾಗಿರುವ ಸಾಲು ನೋಡಿ, ಉಸಿರೆಳೆಯಲು ಜಾಗ ಇಲ್ಲದಿದ್ದರೆ ವೇಗ ಹೆಚ್ಚಾಯಿತು.

ಪ್ರಾಜೆಕ್ಟಿನ ತಾಳದ ಅಂಕಿ ಮರೆಯಬೇಡಿ. ಕೆಹರವಾ ಆದರೆ 4/4. ದಾದ್ರಾ ಹಾಡಿಗೆ 6/8 ಅಥವಾ 3/4 ಇಡಬೇಕು, 4/4ರಲ್ಲೇ ಬಿಟ್ಟರೆ ಕ್ಲಿಕ್ಕಿನ ದೊಡ್ಡ ಪೆಟ್ಟು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬೀಳದೆ ಎಲ್ಲೆಲ್ಲೋ ಬೀಳುತ್ತದೆ, ಬಾರ್ (ಪೆಟ್ಟುಗಳ ಒಂದು ಗುಂಪು) ಸಂಖ್ಯೆಗಳೂ ಸುಳ್ಳಾಗುತ್ತವೆ. ರೂಪಕಕ್ಕೆ 7/8. ಆರಂಭದ ಆಲಾಪಕ್ಕೆ ತಾಳವಿಲ್ಲವಾದರೆ ಅದನ್ನು ಬೇರೆಯೇ ರೆಕಾರ್ಡ್ ಮಾಡಿ, ತಾಳ ಶುರುವಾಗುವ ಬಾರಿಗೆ ಅಂಟಿಸಿ. ಆಲಾಪವನ್ನು ಕ್ಲಿಕ್ಕಿಗೆ ಕಟ್ಟಿಹಾಕಿದರೆ ಅದು ಆಲಾಪವಾಗಿ ಉಳಿಯುವುದಿಲ್ಲ.

ಹಂತ 4: ಹಾಡಿನ ನಕ್ಷೆ

ಒಂದು ಹಾಳೆಯಲ್ಲಿ ಬಾರ್ ಸಂಖ್ಯೆ ಹಾಕಿ ಇಡೀ ಹಾಡು ಬರೆಯಿರಿ. 90 ಬಿಪಿಎಂನಲ್ಲಿ 4/4ರ ಒಂದು ಬಾರ್ 2.67 ಸೆಕೆಂಡ್. ಮಾದರಿ ಹೀಗೆ:

1–2: ಎಣಿಕೆ, ಬೇರೇನೂ ಇಲ್ಲ
3–10: ಆರಂಭದ ಬಿಜಿಎಂ (ಗಾಯನವಿಲ್ಲದ ವಾದ್ಯಸಂಗೀತ)
11–26: ಪಲ್ಲವಿ
27–38: ಮೊದಲ ಬಿಜಿಎಂ
39–54: ಮೊದಲ ಚರಣ
55–62: ಪಲ್ಲವಿ, ಒಂದೇ ಸಲ
63–74: ಎರಡನೇ ಬಿಜಿಎಂ
75–90: ಎರಡನೇ ಚರಣ
91–98: ಪಲ್ಲವಿ
99–102: ಮುಕ್ತಾಯ

ಒಟ್ಟು 102 ಬಾರ್, 4 ನಿಮಿಷ 32 ಸೆಕೆಂಡ್. ಇದೇ ಹಾಳೆಯ ಪ್ರತಿ ಎಲ್ಲರ ಕೈಯಲ್ಲಿರಬೇಕು. "ಆ ಎರಡನೇ ಸಲ ಬರ್ತದಲ್ಲ, ಅಲ್ಲಿಂದ" ಎಂಬ ಮಾತಿನಲ್ಲಿ ಸ್ಟುಡಿಯೊದ ಗಂಟೆಗಳು ಕರಗುತ್ತವೆ. "75ರಿಂದ" ಎಂದರೆ ಮುಗಿಯಿತು.

ಕವರ್ ಎಂದ ಮೇಲೆ ಮೂಲದಿಂದ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ತೀರ್ಮಾನವೂ ಈ ಹಾಳೆಯಲ್ಲೇ ಆಗಬೇಕು. ಕೇಳಿದ ಕೂಡಲೇ ಹಾಡು ಗುರುತು ಸಿಗುವ ಬಿಜಿಎಂ ತುಣುಕು ಒಂದಿದ್ದರೆ ಅದನ್ನಿಡಿ. ಇಪ್ಪತ್ತು ಪಿಟೀಲು ನುಡಿಸಿದ ಜಾಗವನ್ನು ಕೀಬೋರ್ಡಿನ ನಕಲಿ ಪಿಟೀಲಿನಿಂದ ತುಂಬಲು ಹೋಗಬೇಡಿ, ಅಗ್ಗವಾಗಿ ಕೇಳುತ್ತದೆ. ಅದೇ ಧಾಟಿಯನ್ನು ಒಂದು ಕೊಳಲಿಗೋ ಹಾರ್ಮೋನಿಯಮ್ಮಿಗೋ ಕೊಡಿ.

ಹಂತ 5: ಟ್ರ್ಯಾಕ್ ಪಟ್ಟಿ

ದಾಯಾ 1, ಡಗ್ಗಾ (ಎಡಗೈಯದ್ದು) 1, ಢೋಲಕಿ 1, ಮಂಜೀರ 1, ಬೇಸ್ 1, ಗಿಟಾರ್ 2, ಕೀಬೋರ್ಡ್ 2, ಹಾರ್ಮೋನಿಯಂ 1, ಕೊಳಲು 1, ಮುಖ್ಯ ಗಾಯನ 1, ಕೋರಸ್ 4. ಒಟ್ಟು 16. ಪ್ರತಿ ಸಾಲಿನ ಎದುರು ಯಾರು ನುಡಿಸುತ್ತಾರೆ, ಯಾವ ಮೈಕ್, ಯಾವ ಬಾರಿನಿಂದ ಯಾವ ಬಾರಿಗೆ ಎಂದು ಬರೆಯಿರಿ. ಕೊನೆಯ ಕಾಲಂ ತುಂಬುವಾಗಲೇ ತೊಂದರೆ ಕಾಣಿಸುತ್ತದೆ: ಮೊದಲ ಚರಣದಲ್ಲಿ ಕೊಳಲು, ಹಾರ್ಮೋನಿಯಂ, ಗಿಟಾರ್ ಮೂರೂ ಗಾಯನದ ಸಪ್ತಕದಲ್ಲೇ ತುರುಕಿಕೊಂಡಿರುತ್ತವೆ. ಒಂದನ್ನು ಎರಡನೇ ಚರಣಕ್ಕೆ ಕಳಿಸಿ.

ಪ್ರಾಜೆಕ್ಟ್ 48 ಕಿಲೋಹರ್ಟ್ಝ್, 24 ಬಿಟ್ ಇರಲಿ. ಒಂದು ಮೊನೊ (ಎಡ-ಬಲ ಎಂದು ಬೇರೆಯಿಲ್ಲದ) ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ ಬೇಕು. 16 ಟ್ರ್ಯಾಕ್, ತಲಾ ಮೂರು ಟೇಕ್ (ಒಂದೊಂದು ಸಲದ ರೆಕಾರ್ಡಿಂಗ್) ಎಂದರೆ ಸುಮಾರು 2 ಜಿಬಿ. ಲ್ಯಾಪ್‌ಟಾಪಿನಲ್ಲಿ ಕನಿಷ್ಠ 10 ಜಿಬಿ ಖಾಲಿ ಇಡಿ.

ಹಂತ 6: ಪೈಲಟ್ ಟ್ರ್ಯಾಕ್

ಉಳಿದವರೆಲ್ಲ ಕೇಳುತ್ತ ನುಡಿಸಲು ಮೊದಲೇ ಮಾಡಿಡುವ ಮಾದರಿ ಟ್ರ್ಯಾಕ್ ಇದು. ಇದಿಲ್ಲದೆ ಮುಂದೆ ಹೋಗುವ ಹಾಗಿಲ್ಲ. ಕ್ಲಿಕ್, ತಂಬೂರ, ಹಾರ್ಮೋನಿಯಂ ಮತ್ತು ಪೂರ್ತಿ ಸಾಹಿತ್ಯದ ಗಾಯನ, ಇಷ್ಟನ್ನು ನಕ್ಷೆಯ ಪ್ರಕಾರ ಮನೆಯಲ್ಲೇ ರೆಕಾರ್ಡ್ ಮಾಡಿ. ಧ್ವನಿ ಚೆನ್ನಾಗಿರಬೇಕೆಂದಿಲ್ಲ, ಬಾರ್ ಲೆಕ್ಕ ಮಾತ್ರ ತಪ್ಪಬಾರದು. ಮೊದಲೆರಡು ಬಾರಿನಲ್ಲಿ ಬಾಯಲ್ಲೇ "ಒಂದು, ಎರಡು, ಮೂರು, ನಾಲ್ಕು" ಎಂದು ಎಣಿಸಿ. ಫೈಲಿನ ತೀರಾ ಮೊದಲ ಪೆಟ್ಟಿಗೆ ಕೋಲಿನಿಂದ ಒಂದು ಟಕ್ ಸೇರಿಸಿ.

ಈ ಟಕ್ ಬೇರೆ ಊರಿನಿಂದ ಕಳಿಸುವವರಿಗಾಗಿ. ಅವರು ರೆಕಾರ್ಡಿಂಗ್ ಶುರುಮಾಡಿ, ಹೆಡ್‌ಫೋನನ್ನು ಒಂದು ಕ್ಷಣ ಮೈಕಿನ ಹತ್ತಿರ ಹಿಡಿದರೆ ಆ ಟಕ್ ಅವರ ಟ್ರ್ಯಾಕಿನಲ್ಲೂ ಬೀಳುತ್ತದೆ. ಎರಡು ಟಕ್ಕುಗಳನ್ನು ಸಾಲಾಗಿ ಇಟ್ಟರೆ ಇಡೀ ಟ್ರ್ಯಾಕ್ ಜಾಗಕ್ಕೆ ಕೂರುತ್ತದೆ. ಇಲ್ಲವಾದರೆ ತರಂಗದ ಆಕಾರ ನೋಡಿ ಅಂದಾಜಿನಲ್ಲಿ ಎಳೆದಾಡಬೇಕು.

ಪೈಲಟನ್ನು ವೇವ್ ಫೈಲಾಗಿಯೇ ಕಳಿಸಿ. ಎಂಪಿ3 ಮಾಡಿದರೆ ಆರಂಭದಲ್ಲಿ ಕೆಲವು ಹತ್ತು ಮಿಲಿಸೆಕೆಂಡುಗಳ ಖಾಲಿ ಸೇರಿಕೊಳ್ಳುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ಮೆಸೇಜಾಗಿ ಅಲ್ಲ. ಮೊಬೈಲಿನಲ್ಲಿ ನುಡಿಸಿ ಕಳಿಸುವ ಕೊಳಲಿನವರಿಗೆ ಆ್ಯಪಿನ ನಾಯ್ಸ್ ರಿಡಕ್ಷನ್ ಮತ್ತು ಆಟೊ ಗೇನ್ ಆಫ್ ಮಾಡಲು ಹೇಳಿ. ಆ ಆ್ಯಪುಗಳು ಉದ್ದನೆಯ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ನಡುವೆಯೇ ತಿನ್ನುತ್ತವೆ.

ಎಚ್ಚರಿಕೆಯ ಸೂಚನೆ: ಬಂದ ಟ್ರ್ಯಾಕ್ ಆರಂಭದಿಂದಲೇ ನಿಧಾನ, ಶ್ರುತಿಯೂ ಸುಮಾರು ಒಂದೂವರೆ ಅರ್ಧಸ್ವರ ಕೆಳಗೆ ಕೇಳುತ್ತದೆಯೇ? ನುಡಿಸಿದವರನ್ನು ಬೈಯಬೇಡಿ. 48ರಲ್ಲಿ ರೆಕಾರ್ಡ್ ಆದ ಫೈಲು 44.1 ಕಿಲೋಹರ್ಟ್ಝ್ ಪ್ರಾಜೆಕ್ಟಿನಲ್ಲಿ ಪರಿವರ್ತನೆಯಾಗದೆ ತೆರೆದಿದೆ. ಇನ್ನೊಂದು: ಆರಂಭದಲ್ಲಿ ಸರಿಯಿದ್ದು ನಾಲ್ಕನೇ ನಿಮಿಷಕ್ಕೆ ಸ್ವಲ್ಪವೇ ಜಾರಿದ್ದರೆ ಅದು ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ. ಪ್ರತಿ ಬಿಜಿಎಂ ಖಾಲಿ ಜಾಗದಲ್ಲಿ ಕತ್ತರಿಸಿ ಮತ್ತೆ ಕೂರಿಸಿ, ಹಿಗ್ಗಿಸಲು ಹೋಗಬೇಡಿ.

ಹಂತ 7: ದಿನ, ಜಾಗ, ಕರೆಂಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮನೆಯಲ್ಲಿ, ತಗಡಿನ ಮಾಡಿನ ಕೆಳಗೆ ಮೈಕ್ ಹಚ್ಚುವ ಯೋಚನೆ ಬಿಡಿ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಕರಾವಳಿಯಲ್ಲಿ ಇಂಜಿನ್ನಿನ ಸದ್ದೇನೋ ಇರುವುದಿಲ್ಲ, ಆದರೆ ಕಡಲೇ ಕೂಗುತ್ತಿರುತ್ತದೆ. ಶಿರಸಿ ಕಡೆ ಕೊಯ್ಲು ಮುಗಿಯುತ್ತಿದ್ದಂತೆ ಅಡಿಕೆ ಸುಲಿಯುವ ಯಂತ್ರ, ಮಳೆ ಬಿಟ್ಟ ಕೂಡಲೇ ಕಳೆ ಕತ್ತರಿಸುವ ಯಂತ್ರ. ಪಕ್ಕದ ತೋಟದವರನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಸಂಜೆ ಆರೂವರೆಯ ಮೇಲೆ ಜೀರುಂಡೆ ಶುರುವಾದರೆ ಆ ಸದ್ದು ಗಾಯನದ 'ಸ'ಕಾರ ಇರುವ ಎತ್ತರದಲ್ಲೇ ಇರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಮಧ್ಯಾಹ್ನ ಎರಡರಿಂದ ಐದು ಒಳ್ಳೆಯ ಹೊತ್ತು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಯ ದಿನಗಳನ್ನು ಮೊದಲೇ ಹೊಡೆದುಹಾಕಿ.

ಚಂಡೆ-ಮದ್ದಳೆ ಸೇರಿಸುವುದಿದ್ದರೆ ಯಕ್ಷಗಾನದ ತಿರುಗಾಟದ ತಿಂಗಳುಗಳಲ್ಲಿ ಕಲಾವಿದರು ರಾತ್ರಿ ಪೂರ್ತಿ ಕೂತಿರುತ್ತಾರೆ ಎಂಬುದು ನೆನಪಿರಲಿ. ಬೆಳಿಗ್ಗೆ ಹತ್ತಕ್ಕೆ ಕರೆಯುವುದು ಅನ್ಯಾಯ.

ಕೋಣೆ ಹೇಗಿರಬೇಕು? ಚಿರೆಕಲ್ಲಿನ ಗೋಡೆ, ಮೇಲೆ ಬರೀ ಹಂಚು ಇದ್ದರೆ ಹೊರಗಿನದ್ದೆಲ್ಲ ಒಳಗೆ ಬರುತ್ತದೆ. ತಾರಸಿಯ ಅಥವಾ ಅಟ್ಟವಿರುವ ಒಳಕೋಣೆ ಆರಿಸಿ. ಬಟ್ಟೆ ತುಂಬಿದ ಕಪಾಟು, ಹಾಸಿಗೆ ಇರುವ ಕೋಣೆಯೇ ಒಳ್ಳೆಯದು. ಗಾಯಕರ ಬೆನ್ನ ಹಿಂದೆ ಮತ್ತು ಎರಡೂ ಬದಿ ದಪ್ಪ ಕಂಬಳಿ ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಉಪಯೋಗವಿಲ್ಲ. ಚಪ್ಪಾಳೆ ತಟ್ಟಿ ನೋಡಿ, ಟಣ್ ಎಂಬ ಬಾಲ ಉಳಿದರೆ ಇನ್ನೊಂದು ಕಂಬಳಿ ಬೇಕು.

ಫ್ಯಾನ್, ಫ್ರಿಜ್, ಪಂಪ್ ಬಂದ್. ಫ್ರಿಜ್ ಆಫ್ ಮಾಡುವಾಗ ಬೈಕಿನ ಕೀಲಿಯನ್ನು ಅದರೊಳಗೇ ಇಟ್ಟುಬಿಡಿ, ಹೋಗುವಾಗ ಮತ್ತೆ ಆನ್ ಮಾಡಲು ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡುವಾಗ ಝಿರ್ ಎಂಬ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಪ್ರತಿ ಟೇಕಿನ ನಂತರ ಸೇವ್ ಮಾಡುವುದು ಅಭ್ಯಾಸವಾಗಲಿ, ಕರೆಂಟು ಹೇಳಿ ಹೋಗುವುದಿಲ್ಲ.

ತೇವದಿಂದ ಕಂಡೆನ್ಸರ್ ಮೈಕಿನಲ್ಲಿ ಅವಲಕ್ಕಿ ಹುರಿದಂತೆ ಚಟಪಟ ಕೇಳುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬಳಸುವ ಅರ್ಧ ಗಂಟೆ ಮೊದಲು ಕೋಣೆಗೆ ತನ್ನಿ. ಕಾರವಾರದ ಉಪ್ಪುಗಾಳಿಗೆ ಜಾಕುಗಳು ಬೇಗ ಕಪ್ಪಾಗುತ್ತವೆ, ಕೇಬಲ್ ಅಲುಗಾಡಿಸಿದರೆ ಕರಕರ ಎಂದರೆ ಅದನ್ನು ಆ ದಿನ ಬಳಸಬೇಡಿ.

ಹಂತ 8: ರೆಕಾರ್ಡಿಂಗ್ ಕ್ರಮ

ಸಾಫ್ಟ್‌ವೇರಿನ ಬಫರ್ (ಧ್ವನಿ ಎಷ್ಟು ತಡವಾಗಿ ಕೇಳಬೇಕೆಂಬ ಸೆಟ್ಟಿಂಗ್) 128 ಸ್ಯಾಂಪಲ್ ಇಡಿ. 48 ಕಿಲೋಹರ್ಟ್ಝ್‌ನಲ್ಲಿ ಅದು 2.7 ಮಿಲಿಸೆಕೆಂಡ್. ಧ್ವನಿ ಒಡೆದರೆ 256. ಎಲ್ಲ ಟ್ರ್ಯಾಕಿಗೂ ಗರಿಷ್ಠ ಮಟ್ಟ ಮೈನಸ್ 10 ಡಿಬಿ ಹತ್ತಿರ ನಿಲ್ಲಲಿ. ಕೆಂಪು ಒಮ್ಮೆ ಹೊತ್ತಿದರೂ ಆ ಟೇಕ್ ಕೆಟ್ಟಿತು.

ತಬಲಾ ಮೊದಲು. ದಾಯಾದ ಮೇಲೆ ಒಂದು ಅಡಿ ಎತ್ತರದಲ್ಲಿ ಕಂಡೆನ್ಸರ್, ಡಗ್ಗಾಕ್ಕೆ ಡೈನಾಮಿಕ್. ಎರಡನ್ನೂ ಮೊನೊದಲ್ಲಿ ಕೇಳುತ್ತ ಒಂದರ ಫೇಸ್ ಬಟನ್ (ತರಂಗವನ್ನು ತಲೆಕೆಳಗು ಮಾಡುವ ಗುಂಡಿ) ಒತ್ತಿ ನೋಡಿ, ಡಗ್ಗಾದ ಗುಮಕು ದಪ್ಪಗೆ ಕೇಳುವ ಕಡೆ ಬಿಡಿ. ತೇವಕ್ಕೆ ದಾಯಾದ ಶ್ರುತಿ ಇಳಿಯುತ್ತಲೇ ಇರುತ್ತದೆ, ಪ್ರತಿ ಟೇಕಿನ ಮೊದಲು ತಂಬೂರದೊಂದಿಗೆ ನೋಡಿ. ಟೇಕ್ ನಡುವೆ ತಿದ್ದಿದರೆ ಎರಡು ಟೇಕುಗಳನ್ನು ಬೆಸೆಯಲು ಆಗುವುದಿಲ್ಲ. ಚಂಡೆ ಇದ್ದರೆ ಮೈಕ್ ನಾಲ್ಕೈದು ಅಡಿ ದೂರ, ಇಂಟರ್‌ಫೇಸಿನಲ್ಲಿ ಪ್ಯಾಡ್ (ಜೋರು ತಗ್ಗಿಸುವ ಗುಂಡಿ) ಒತ್ತಿ, ದೊಡ್ಡ ಕೋಣೆಯಲ್ಲಿ.

ಬೇಸ್, ಗಿಟಾರ್, ಕೀಬೋರ್ಡ್ ಆಮೇಲೆ. ಗಿಟಾರಿಗೆ 12ನೇ ಫ್ರೆಟ್ಟಿನ ಎದುರು ಒಂದು ಗೇಣು. ಸೌಂಡ್ ಹೋಲಿನ ನೇರಕ್ಕೆ ಹಿಡಿದರೆ ಬರೀ ಗುಂಯ್ ಎನ್ನುತ್ತದೆ.

ಹಾರ್ಮೋನಿಯಂ ಸ್ವರಮೇಳ ಹಿಡಿಯುವುದಾದರೆ ಈಗ, ಗಾಯನದ ಬೆನ್ನಿಗೇ ಹೋಗುವ ಸಾಥ್ ಆದರೆ ಗಾಯನದ ನಂತರ. ಮೈಕ್ ಸ್ವರದ ಮನೆಗಳ ಮೇಲೆ ಒಂದೂವರೆ ಅಡಿ, ತಿದಿಯಿಂದ ದೂರ. ಮಳೆಗಾಲದಲ್ಲಿ ಕೆಲವು ಸ್ವರ ಒತ್ತದೆಯೂ ಕೂಗುತ್ತಲೇ ಇರುತ್ತವೆ. ಪೆಟ್ಟಿಗೆಯನ್ನು ಎರಡು ದಿನ ಮೊದಲೇ ತೆಗೆದು ನೋಡಿ.

ಮುಖ್ಯ ಗಾಯನಕ್ಕೆ ಬಾಯಿಂದ ಮೈಕಿಗೆ ಒಂದು ಗೇಣು, ನಡುವೆ ಪಾಪ್ ಫಿಲ್ಟರ್ ಮೈಕಿನಿಂದ ನಾಲ್ಕು ಬೆರಳು. ಮೈಕನ್ನು ಸ್ವಲ್ಪವೇ ಓರೆ ಮಾಡಿದರೆ ಪ, ಭ ಪೆಟ್ಟೂ ಸ, ಶ ಸೀಟಿಯೂ ತಗ್ಗುತ್ತವೆ. ಗೇನ್ (ಮೈಕಿನ ಧ್ವನಿಮಟ್ಟ) ಇಡುವುದು ಪಲ್ಲವಿ ಹಾಡಿಸಿ ಅಲ್ಲ, ಚರಣದ ಅತಿ ಎತ್ತರದ ಸಾಲು ಪೂರ್ತಿ ದನಿಯಲ್ಲಿ ಹಾಡಿಸಿ. ಗಾಯಕರು ನಿಂತ ಜಾಗದಲ್ಲಿ ಪಾದದ ಸುತ್ತ ಟೇಪು ಅಂಟಿಸಿ, ಇಂಟರ್‌ಫೇಸಿನ ಗುಂಡಿಗಳ ಫೋಟೊ ತೆಗೆಯಿರಿ. ಮರುದಿನ ಒಂದು ಸಾಲು ತಿದ್ದಬೇಕಾದರೆ ಅದೇ ಧ್ವನಿ ಸಿಗುವುದು ಇದರಿಂದಲೇ. ಹೆಡ್‌ಫೋನಿನಲ್ಲಿ ತಂಬೂರ ಜೋರಾಗಿ, ಕ್ಲಿಕ್ ಸಣ್ಣಗೆ. ಕ್ಲಿಕ್ ಜೋರಿದ್ದರೆ ಮೌನದ ಜಾಗದಲ್ಲೆಲ್ಲ ಟಿಕ್‌ಟಿಕ್ ಮೈಕಿಗೆ ಸೋರುತ್ತದೆ, ಮುಕ್ತಾಯದ ಉದ್ದ ಸ್ವರದಲ್ಲಂತೂ ಬಯಲಾಗುತ್ತದೆ. ಗಾಯಕರು ಯಾವಾಗಲೂ ಶ್ರುತಿಯ ಮೇಲೆ ಹೋಗುತ್ತಿದ್ದರೆ ಒಂದು ಕಿವಿಯ ಹೆಡ್‌ಫೋನ್ ಸರಿಸಿ ಹಾಡಿಸಿ ನೋಡಿ.

ಮೂರು ಪೂರ್ತಿ ಟೇಕ್ ತೆಗೆದು, ಉಳಿದದ್ದನ್ನು ಸಾಲುಸಾಲಾಗಿ ಪಂಚ್ ಮಾಡಿ (ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಿಸಿ ಅದೇ ಜಾಗಕ್ಕೆ ಸೇರಿಸುವುದು). ಪಂಚ್ ಉಸಿರಿನ ಮೊದಲಿಂದ ಶುರುವಾಗಲಿ, ಪದದ ನಡುವಿನಿಂದ ಬೇಡ. ಹತ್ತನೇ ಟೇಕಿನ ನಂತರ ಸುಧಾರಿಸುತ್ತಿದೆ ಎಂದು ಎಲ್ಲರಿಗೂ ಅನ್ನಿಸುತ್ತದೆ, ಕೇಳಿದರೆ ಎರಡನೆಯದೇ ಚೆನ್ನಾಗಿರುತ್ತದೆ.

ಕೊಳಲು ಗಾಯನದ ನಂತರವೇ. ಅದು ತುಂಬುವುದು ಗಾಯನ ಬಿಟ್ಟ ಜಾಗವನ್ನು. ಮೈಕ್ ಊದುವ ರಂಧ್ರದ ನೇರಕ್ಕೆ ಬೇಡ, ಒಂದೂವರೆ ಅಡಿ ದೂರದಲ್ಲಿ ಹಣೆಯ ಎತ್ತರಕ್ಕೆ. ಆಮೇಲೆ ಕೋರಸ್, ಕೊನೆಗೆ ಮಂಜೀರ. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ 20 ಸೆಕೆಂಡ್ ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

ಹಂತ 9: ಸ್ಟುಡಿಯೊಕ್ಕೆ ಹೋಗುವುದಾದರೆ

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಕಾರವಾರದಿಂದ ಮಡಗಾಂವ್ ಅದಕ್ಕಿಂತ ಹತ್ತಿರ. ಬಸ್ಸಿಳಿದ ಕೂಡಲೇ ಗಾಯನ ಇಟ್ಟುಕೊಳ್ಳಬೇಡಿ. ಗಂಟಲೂ ಒಣಗಿರುತ್ತದೆ, ಕಿವಿಯೂ ದಣಿದಿರುತ್ತದೆ. ಎಂಟು ಗಂಟೆಯ ದಿನಕ್ಕೆ ಒಂದು ಲೆಕ್ಕ: ತಬಲಾ ಹೊಂದಿಸಿ ನುಡಿಸಲು ಎರಡು ಗಂಟೆ, ಗಿಟಾರ್ ಮತ್ತು ಹಾರ್ಮೋನಿಯಮ್ಮಿಗೆ ಒಂದೂವರೆ, ಊಟ ಅರ್ಧ, ಗಾಯನ ಎರಡು, ಕೊಳಲು ಮುಕ್ಕಾಲು, ಕೋರಸ್ ಮುಕ್ಕಾಲು, ಫೈಲು ನಕಲಿಗೆ ಅರ್ಧ. ಬೇಸ್, ಕೀಬೋರ್ಡ್ ಮನೆಯಲ್ಲೇ ಮುಗಿಸಿ ಒಯ್ಯಿರಿ. ಒಂದೇ ದಿನದಲ್ಲಿ ಎರಡು ಹಾಡು ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಗಂಟೆಯ ದರದಲ್ಲಿ ಇಂಜಿನಿಯರ್ ಸೇರಿದ್ದಾರೆಯೇ, ಬಿಡಿಬಿಡಿ ಟ್ರ್ಯಾಕುಗಳ ಕಚ್ಚಾ ಫೈಲು ಅದೇ ದಿನ ಕೊಡುತ್ತಾರೆಯೇ, ಮಿಕ್ಸಿಂಗಿನಲ್ಲಿ ಎಷ್ಟು ಸಲ ತಿದ್ದುಪಡಿ ಸೇರಿದೆ. ಎರಡನೆಯದಕ್ಕೆ ಇಲ್ಲ ಎಂದರೆ ಬೇರೆ ಕಡೆ ನೋಡಿ. ಪೈಲಟ್ ಮತ್ತು ನಕ್ಷೆಯನ್ನು ಎರಡು ದಿನ ಮೊದಲೇ ಕಳಿಸಿ, ನೀವು ಹೋಗುವಷ್ಟರಲ್ಲಿ ಪ್ರಾಜೆಕ್ಟ್ ತೆರೆದಿಟ್ಟಿರುತ್ತಾರೆ.

ಹಂತ 10: ಮಿಕ್ಸಿಂಗಿಗೆ ಒಪ್ಪಿಸುವುದು

ಎಲ್ಲ ಟ್ರ್ಯಾಕೂ ಒಂದೇ ಸೊನ್ನೆಯಿಂದ ಶುರುವಾಗುವಂತೆ, 48/24 ವೇವ್ ಆಗಿ, ಎಫೆಕ್ಟ್ ಇಲ್ಲದೆ ತೆಗೆಯಿರಿ. ಒಂದೇ ಮೈಕಿನದ್ದು ಮೊನೊ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡದ ಹೆಸರುಗಳು ಕೆಲವೊಮ್ಮೆ ಜಿಪ್ ಬಿಚ್ಚಿದಾಗ ಬರೀ ಚೌಕಗಳಾಗಿರುತ್ತವೆ. ಮೊದಲು ಎರಡಂಕಿಯ ಕ್ರಮಸಂಖ್ಯೆ, ಆಮೇಲೆ ವಾದ್ಯ. ಜೊತೆಗೆ ಪೈಲಟ್, ನಕ್ಷೆಯ ಫೋಟೊ, ಬಿಪಿಎಂ, ಶ್ರುತಿ, ಹಾರ್ಮೋನಿಯಮ್ಮಿನ ಹರ್ಟ್ಝ್.

ಮಿಕ್ಸ್ ಬಂದ ಮೇಲೆ ಮೊದಲು ಮೊಬೈಲ್ ಸ್ಪೀಕರಿನಲ್ಲಿ ಕೇಳಿ, ಕೇಳುವವರಲ್ಲಿ ಹೆಚ್ಚಿನವರು ಕೇಳುವುದು ಅದರಲ್ಲೇ. ಸಾಹಿತ್ಯ ಪ್ರತಿ ಪದವೂ ತಿಳಿಯಬೇಕು, ಡಗ್ಗಾ ಇದೆ ಎಂದಾದರೂ ಗೊತ್ತಾಗಬೇಕು. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಧ್ವನಿಯ ಜೋರಿನ ಅಳತೆ) ಜೋರಿದ್ದದ್ದನ್ನು ತಾನೇ ತಗ್ಗಿಸುತ್ತದೆ, ಹಾಗಾಗಿ ಜೋರು ಮಾಡಿಸಲು ಪೀಡಿಸುವುದರಲ್ಲಿ ಅರ್ಥವಿಲ್ಲ. ವಿವರಣೆಯಲ್ಲಿ ಕವರ್ ಆವೃತ್ತಿ ಎಂದೂ, ಮೂಲ ಸಾಹಿತ್ಯ ಮತ್ತು ಸಂಗೀತ ಯಾರದ್ದೆಂದೂ ಬರೆಯಿರಿ. ಅದು ಅನುಮತಿಗೆ ಬದಲಿಯಲ್ಲ, ಆದರೂ ಇರಬೇಕು.

ಕಚ್ಚಾ ಟೇಕುಗಳನ್ನು ಎರಡು ಕಡೆ ಇಡಿ: ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ. ಮಳೆಗಾಲದಲ್ಲಿ ಡಿಸ್ಕಿಗೂ ಮೈಕಿನಂತೆಯೇ ಸಿಲಿಕಾ ಜೆಲ್ ಡಬ್ಬಿ ಬೇಕು. ಜೆಲ್ಲಿನ ಬಣ್ಣ ಬದಲಾಗಿದ್ದರೆ ಪೊಟ್ಟಣ ಬದಲಿಸಿ.